ಪರಿಶೀಲನೆಗೆ ಕಾದಿರುವ ದೋಣಿ

ವೇದಿಕೆಯ ಮೇಲಿರುವ ಬಳಗದ ಅಧ್ಯಕ್ಷರೇ, ಅಷ್ಟು ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡೇ ಭಾಷಣ ಕೇಳುತ್ತಿರುವ ಯುವಮಿತ್ರರೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಹನಾಶೀಲ ಸಭಿಕರೇ,

ನಿಮ್ಮ ಮುಕ್ತ ತಂತ್ರಾಂಶ ಬಳಗದ ವಾರ್ಷಿಕೋತ್ಸವದಲ್ಲಿ ನಮ್ಮ ಮನೆಯವರಿಗೆ ಮರಣೋತ್ತರ ಸನ್ಮಾನ ಮಾಡಿದ್ದೀರಿ. ಅವರ ಪರವಾಗಿ ಈ ಫಲಕವನ್ನು ನಾನು ಸ್ವೀಕರಿಸಿದ್ದೇನೆ. 'ಎರಡು ಮಾತಾಡಿ ಮೇಡಂ' ಎಂದರು ಕಾರ್ಯದರ್ಶಿಗಳು. ನಾನು ನಿವೃತ್ತ ಭಾಷಾ ಅಧ್ಯಾಪಕಿ. ಅಧ್ಯಾಪಕಿಯ ಕೈಗೆ ಮೈಕು ಕೊಟ್ಟು ಎರಡೇ ಮಾತು ಸಾಕು ಎನ್ನುವ ಅವರ ಧೈರ್ಯವನ್ನು ಮೆಚ್ಚಬೇಕು.

ಅಧ್ಯಕ್ಷರು ಈಗತಾನೇ ಹೇಳಿದರು: ಲಿನಕ್ಸಿನಲ್ಲಿ ಆಟ ಆಡಲಾಗದು ಎಂದು ಜನ ನಗುತ್ತಿದ್ದ ಕಾಲ ಹೋಯಿತು, ಈಗ ಬಹಳಷ್ಟು ಆಟಗಳು ಸಲೀಸಾಗಿ ನಡೆಯುತ್ತವೆ ಎಂದು. ಸಂತೋಷ. ಲಿನಕ್ಸ್ ಎಂದರೇನೆಂದು ಅರಿಯದ ನನ್ನಂಥವರೂ ಸಭೆಯಲ್ಲಿರಬಹುದು. ಅದು ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ, ಒಳಗೇನಿದೆಯೆಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಇದು ನಮ್ಮ ಮನೆಯವರ ವಿವರಣೆ. ನನ್ನ ವಿವರಣೆ ಚಿಕ್ಕದು: ಅದು ನನ್ನ ಸವತಿ. ನಗಿ, ಪರವಾಗಿಲ್ಲ. ಅವರೂ ನಗುತ್ತಿದ್ದರು.

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿರೀಕ್ಷಕರಾಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ಕೆಲಸ. 'ಬಿಚ್ಚಿ ತೋರಿಸದ ತಕ್ಕಡೀನ ನಾನು ನಂಬಲ್ಲ ಕಣೇ' ಎನ್ನುತ್ತಿದ್ದರು. ಇಂಥ ಮನುಷ್ಯ ನಿಮ್ಮ ಬಳಗಕ್ಕೆ ಬಂದು ಬಿದ್ದದ್ದರಲ್ಲಿ ಆಶ್ಚರ್ಯವೇನಿದೆ? ಗಡಿಗೆಗೆ ತಕ್ಕ ಮುಚ್ಚಳ.

ನಮಗೆ ಒಬ್ಬಳೇ ಮಗಳು. ಬೇರೆ ಊರಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿದ್ದಾಳೆ. ಅಪ್ಪ ಮಗಳ ಫೋನ್ ಮಾತು ಎಂದರೆ ಇಷ್ಟೇ: 'ಊಟ ಆಯ್ತಾ?' 'ಆಯ್ತು.' 'ತಾಳು, ಅಮ್ಮನಿಗೆ ಕೊಡ್ತೀನಿ.' ಆದರೆ ಭಾನುವಾರ ಮಧ್ಯಾಹ್ನ ಇಬ್ಬರೂ ತಂತಮ್ಮ ಕಂಪ್ಯೂಟರಿನಲ್ಲಿ, ಮಾತಾಡುತ್ತಾ, ಒಂದು ಆಟ ಆಡುತ್ತಿದ್ದರು. ದೊಡ್ಡ ಕೆರೆ, ಇವರದೊಂದು ದೋಣಿ, ಅವಳದೊಂದು ದೋಣಿ. ಗೆಲ್ಲುವುದು ಸೋಲುವುದು ಏನೂ ಇಲ್ಲ, ಹುಟ್ಟು ಹಾಕುತ್ತಾ ಹೋಗುವುದು. ಆ ದೋಣಿಯಲ್ಲಿ ಕೂತರೆ ನಮ್ಮ ಮನೆಯವರ ಬಾಯಿಗೆ ಬೀಗವಿರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಉಗ್ಗುತ್ತಿದ್ದದ್ದು, ತಂದೆಯ ಏಟಿಗೆ ಹೆದರಿ ಮಂಚದ ಕೆಳಗೆ ಅಡಗುತ್ತಿದ್ದದ್ದು, ಎಲ್ಲವನ್ನೂ ಅವಳಿಗೆ ಹೇಳುತ್ತಿದ್ದರು. ಅಷ್ಟು ವರ್ಷ ಸಂಸಾರ ಮಾಡಿದ ನನಗೆ ಹೇಳದ್ದನ್ನು ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಕೇಳಿಸಿಕೊಂಡೆ. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ?

ಒಂದು ಭಾನುವಾರ ಆಟ ತೆರೆಯಲಿಲ್ಲ. ಆಟದ ಕಂಪನಿಯವರು ಕಳ್ಳಾಟ ಹಿಡಿಯಲು ತಂತ್ರಾಂಶದ ರೂಪದ ಒಬ್ಬ ಕಾವಲುಗಾರನನ್ನು ಇಟ್ಟಿದ್ದರಂತೆ. ಅವನು ಕಂಪ್ಯೂಟರಿನ ಬುಡದಲ್ಲಿ ಕೂರುತ್ತಾನೆ, ಏನು ನೋಡುತ್ತಾನೆ ಎಂದು ಯಾರೂ ಕೇಳುವಂತಿಲ್ಲ. ಲಿನಕ್ಸಿಗೆ ಮಾತ್ರ ಅವನು ಬರುವುದಿಲ್ಲ, ಅವನಿಲ್ಲದ ಕಡೆ ಆಟವಿಲ್ಲ. ಪರದೆಯ ಮೇಲೆ ಬಂತು: 'ಮೋಸದ ಶಂಕೆ. ಪ್ರವೇಶವಿಲ್ಲ.' ಜೀವಮಾನವಿಡೀ ಇತರರ ಮೋಸ ಹಿಡಿದವರು ಆ ಸಾಲನ್ನೇ ನೋಡುತ್ತಾ ಕುಳಿತರು.

ಮಗಳು ಫೋನಿನಲ್ಲಿ ಅಂಗಲಾಚಿದಳು. 'ಅಪ್ಪಾ, ಲಿನಕ್ಸ್ ಬಿಟ್ಟು ಬೇರೆ ಎಲ್ಲರೂ ಹಾಕ್ಕೊಳ್ಳೋ ವ್ಯವಸ್ಥೇನ ನೀನೂ ಹಾಕ್ಕೋ. ಭಾನುವಾರ ಮಾತ್ರ. ನನಗೋಸ್ಕರ.'

'ಒಳಗೇನಿದೆ ಅಂತ ತೋರಿಸದೇ ಇರೋದನ್ನ ಮನೆಯೊಳಗೆ ಬಿಟ್ಕೊಳ್ಳಲ್ಲ ಮಗಳೇ.'

'ಹಾಗಾದ್ರೆ ನಿನ್ನ ತತ್ವ ನನಗಿಂತ ದೊಡ್ಡದು, ಅಲ್ವಾ?'

ಅವರು ಫೋನನ್ನು ನನ್ನ ಕೈಗಿತ್ತರು. ಸಭಿಕರೇ, ನಾನು ನಿಮ್ಮನ್ನು ಕೇಳುತ್ತೇನೆ. ತತ್ವ ದೊಡ್ಡದೇ, ಮಗಳು ದೊಡ್ಡವಳೇ? ಚಪ್ಪಾಳೆ ಬೇಡ, ಉತ್ತರ ಕೊಡಿ. ಕಷ್ಟ, ಅಲ್ಲವೇ?

ಮಾರನೆಯ ದಿನದಿಂದಲೇ ಅವರು ಕಂಪ್ಯೂಟರಿನ ಲಿಪಿಯಲ್ಲಿ ಕೋಡ್ ಬರೆಯಲು ಕುಳಿತರು. ನಿಮ್ಮ ಬಳಗದ್ದೇ ಒಂದು ದೋಣಿಯಾಟವಿದೆಯಲ್ಲ, ಎಲ್ಲರ ಕಂಪ್ಯೂಟರಿನಲ್ಲೂ ನಡೆಯುವಂಥದ್ದು, ಅದರಲ್ಲಿ ಒಬ್ಬರೇ ಆಡಬಹುದಿತ್ತು. ಬೇರೆ ಬೇರೆ ಊರಿನ ಇಬ್ಬರು ಒಂದೇ ಕೆರೆಯಲ್ಲಿ ಸೇರುವ ಹಾಗೆ ಮಾಡಲು ಹೊರಟರು. ಕನ್ನಡಕ ಬದಲಾಯಿಸಿದರು, ಕುತ್ತಿಗೆಗೆ ಪಟ್ಟಿ ಬಂತು, ಕೊನೆಗೂ ಮುಗಿಸಿ ನಿಮ್ಮ ಜಾಲಪುಟದಲ್ಲಿ ಪರಿಶೀಲನೆಗೆ ಇಟ್ಟರು.

ನಿಮ್ಮ ನಿಯಮ ನಿಮಗೆ ಗೊತ್ತಿದೆ. ಒಬ್ಬರು ಬರೆದದ್ದನ್ನು ಬೇರೆ ಇಬ್ಬರು ಓದಿ ಒಪ್ಪಿಗೆ ಬರೆಯಬೇಕು, ಆಮೇಲೆ ಅದು ಆಟಕ್ಕೆ ಸೇರುತ್ತದೆ. ಆ ನಿಯಮ ತಂದವರು ಯಾರು? ಇವರೇ. ಸೇರಿಸುವ ಅಧಿಕಾರ ಯಾರ ಕೈಯಲ್ಲಿತ್ತು? ಇವರ ಕೈಯಲ್ಲೇ.

'ರೀ, ನೀವೇ ಸೇರಿಸಿಬಿಡಿ. ಯಾರು ಕೇಳ್ತಾರೆ?' ಎಂದೆ.

'ನನ್ನ ತಕ್ಕಡಿಗೆ ನಾನೇ ಮುದ್ರೆ ಒತ್ತೋದಾ? ಯಾರೂ ನೋಡದೇ ಇರೋದನ್ನ ಮಗಳ ಕಂಪ್ಯೂಟರಿಗೆ ತುರುಕಿದ್ರೆ ಆ ಕಂಪನಿಗೂ ನನಗೂ ಏನೇ ವ್ಯತ್ಯಾಸ?'

ಕಾದರು. ನಿಮ್ಮ ಪುಟದಲ್ಲಿ ಹೆಬ್ಬೆರಳಿನ ಚಿತ್ರಗಳು ಸಾಲುಸಾಲಾಗಿ ಬಂದವು. 'ಅದ್ಭುತ ಸರ್!' 'ಇದಕ್ಕಾಗಿಯೇ ಕಾಯುತ್ತಿದ್ದೆವು ಸರ್!' ಓದಿದವರು ಮಾತ್ರ ಯಾರೂ ಇಲ್ಲ. ಇನ್ನೊಬ್ಬರು ಓದುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರಿ. ನಾನೂ ಮೌಲ್ಯಮಾಪನ ಮಾಡಿದವಳು, ಉದ್ದನೆಯ ಉತ್ತರಪತ್ರಿಕೆಯನ್ನು ಕಟ್ಟಿನ ತಳಕ್ಕೆ ಸರಿಸುವ ವಿದ್ಯೆ ನನಗೂ ಗೊತ್ತು.

ಭಾನುವಾರ ಮಗಳು ಕೇಳುತ್ತಿದ್ದಳು, 'ಸೇರಿತಾ ಅಪ್ಪಾ?' 'ನೋಡ್ತಾರೆ ಮಗಳೇ. ಎಲ್ಲಾ ಕೆಲಸ ಇರೋರು, ಪಾಪ.' ಕೊನೆಕೊನೆಗೆ ಅವಳು ಕೇಳುವುದನ್ನು ಬಿಟ್ಟಳು. ಮಾತು ಮತ್ತೆ 'ಊಟ ಆಯ್ತಾ?' ಎಂಬಲ್ಲಿಗೇ ಬಂದು ನಿಂತಿತು. ಆ ಚಳಿಗಾಲದಲ್ಲಿ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದವರು ಏಳಲಿಲ್ಲ.

ಕ್ಷಮಿಸಿ, ಸ್ವಲ್ಪ ನೀರು ಕುಡಿಯುತ್ತೇನೆ.

ಸನ್ಮಾನಕ್ಕೆ ಕರೆದರೆ ಬಂದು ಬೈಯುತ್ತಾಳಲ್ಲ ಎಂದುಕೊಳ್ಳಬೇಡಿ. ನಿಮ್ಮ ಮೇಲಿರುವುದಕ್ಕಿಂತ ಹೆಚ್ಚು ಸಿಟ್ಟು ನನಗೆ ಅವರ ಮೇಲಿದೆ. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತಿದ್ದರೆ ಅವರು ಅವರಾಗಿರುತ್ತಿರಲಿಲ್ಲ, ಅದೂ ನನಗೆ ಗೊತ್ತು. ಗೊತ್ತಿದ್ದರೂ ಸಿಟ್ಟು ಇಳಿಯುವುದಿಲ್ಲ.

ಮಗಳು ಇವತ್ತು ಬಂದಿಲ್ಲ. ಕರೆದೆ, 'ನೀನು ಹೋಗಮ್ಮಾ' ಎಂದಳು. ಅಪ್ಪ ಹೋದ ಮೇಲೆ ಅವಳು ಕೆಲಸ ಮುಗಿಸಿ ಬಂದು ಈ ಕೋಡ್ ಓದುವುದನ್ನು ಮೊದಲಿನಿಂದ ಕಲಿತಳು. ಅಪ್ಪ ಬರೆದ ಒಂದೊಂದು ಸಾಲನ್ನೂ ಓದಿದಳು. ಯಾರು ಬೇಕಾದರೂ ಓದಿ ಒಪ್ಪಿಗೆ ಕೊಡಬಹುದು ಎನ್ನುತ್ತದೆ ನಿಮ್ಮ ನಿಯಮ. ಹೋದ ತಿಂಗಳು ಆ ಪುಟದಲ್ಲಿ ಮೊದಲ ಒಪ್ಪಿಗೆ ಬಿತ್ತು, ಅದು ಅವಳದು. ನಿಮ್ಮಲ್ಲಿ ಎಷ್ಟು ಜನ ನೋಡಿದಿರೋ ತಿಳಿಯದು. ಒಪ್ಪಿಗೆಯ ಕೆಳಗೆ ಒಂದು ಪ್ರಶ್ನೆಯನ್ನೂ ಬರೆದಿದ್ದಾಳೆ:

'ಅಪ್ಪಾ, ಮುಂದಿನ ದೋಣಿ ತುಂಬಾ ದೂರ ಹೋದ್ರೆ ತಾನಾಗೇ ನಿಂತ್ಕೊಂಡು ಹಿಂದಿನದಕ್ಕೆ ಕಾಯುತ್ತೆ. ಇದು ಬೇಕೂಂತ ಬರೆದಿದ್ದಾ, ತಪ್ಪಾ?'

ಪ್ರಶ್ನೆಗೆ ಉತ್ತರ ಬರದೆ ಸೇರಿಸುವಂತಿಲ್ಲ. ಬರೆದವರು ಉತ್ತರಿಸುವ ಸ್ಥಿತಿಯಲ್ಲಿಲ್ಲ. ನನಗೆ ಉತ್ತರ ಗೊತ್ತು. ಆದರೆ ಆ ಲಿಪಿ ನನಗೆ ಓದಲು ಬಾರದು, ಓದದೆ ನಾನು ಬರೆದರೆ ಅವರು ಒಪ್ಪುವವರಲ್ಲ.

ಇನ್ನೊಬ್ಬರು ಬೇಕು. ಈ ಸಭಾಂಗಣದಲ್ಲಿರುವ ಯಾರಾದರೂ ಒಬ್ಬರು ಅದನ್ನು ಪೂರ್ತಿ ಓದಿ. ತಪ್ಪಿದ್ದರೆ ತಪ್ಪೆಂದೇ ಬರೆಯಿರಿ, ಅವರಿಗೆ ಬೇಸರವಾಗುವುದಿಲ್ಲ. ತಪ್ಪಲ್ಲದಿದ್ದರೆ, ಬೇಕೆಂದೇ ಬರೆದದ್ದು ಎಂದು ನನ್ನ ಮಗಳಿಗೆ ಹೇಳಿ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮೆಲ್ಲರಿಗೂ ಧನ್ಯವಾದ. ನಮಸ್ಕಾರ.