ಬಕೆಟ್ಟಿಗೆ ಹಾಕದ ರಿಮೋಟ್

ಪುಣೆಯ ಸ್ವಾರ್ಗೇಟ್ ಬಸ್ ನಿಲ್ದಾಣದಲ್ಲಿ ಇಂದಾಪುರದ ಬಸ್ಸಿಗೆ ನಿಂತಿದ್ದೆ. ಮುಂದೆ ಮಾವ, ಅಳಿಯ ಕನ್ನಡದಲ್ಲಿ ಮಾತಾಡುತ್ತಿದ್ದರು. ಮಾವ ಕಲ್ಲುಗಣಿಯಲ್ಲಿ ಸಿಡಿಮದ್ದಿಗೆ ತಂತಿ ಜೋಡಿಸುವವನು. ಅಳಿಯ ಡ್ರೋನ್ ಹಾರಿಸಿ ಅದೇ ಗಣಿ ಅಳೆಯುವವನು.

“ಮದ್ದು ತುಂಬೂ ಮುಂಚೆ ಎಲ್ಲಾರ ಮೊಬೈಲೂ ಬಕೆಟ್ಟಿಗೆ ಹಾಕಸ್ತೀನಿ. ನಿನ್ನೆ ನೀನೂ ಹಾಕಿದಿ.”

“ಹಾಕಿದ್ನಲ್ಲ ಮಾಮಾ.”

“ಮತ್ತ ಕೈಯಾಗ ಹಿಡಕೊಂಡು ಹಾರಸ್ತಿದ್ದೆಲ್ಲ, ಆ ಡ್ರೋನಿನ ರಿಮೋಟ್?”

“ಅದು ಮೊಬೈಲ್ ಅಲ್ಲಲ್ಲ.”

“ಭಾಳ ಶಾಣ್ಯಾ ಅದೀ. ರೇಡಿಯೋ ಸಿಗ್ನಲ್ ಯಾವುದರಿಂದ ಬಂತಂತ ತಂತಿ ಕೇಳ್ತದೇನು? ಸಿಗ್ನಲ್ ತಾಗಿ ಮದ್ದು ಸಿಡಿದಿದ್ರ? ಅಲ್ಲಿ ಆರು ಮಂದಿ ಇದ್ವಿ.”

“ನೀವ್ಯಾಕ ತಡೀಲಿಲ್ಲ?”



“ಹಾರೂದು ಚಂದ ಕಾಣಸ್ತು. ನೋಡಿಕೋತ ನಿಂತೆ.”

“ನಾಳೆ ನನ್ನ ಬದಲಿ ಪ್ರೇಮಕುಮಾರ ಹಾರಸ್ತಾನ. ಮದ್ದು ತುಂಬೂವಾಗ ಹಾರಸಬ್ಯಾಡ ಅಂತ ಅವಂಗ ಹೇಳೂಣೇನು?”

“ಹೇಳಿದ್ರ, ಮತ್ತ ಮೊನ್ನೆ ನೀವು ಹ್ಯಾಂಗ ಹಾರಿಸಿದ್ರಿ ಅಂತ ಕೇಳ್ತಾನ. ಸಾಹೇಬರ ತನಕ ಹೋಗ್ತದ. ನಿನ್ನ ಕೆಲಸಾನೂ ಹೋಗ್ತದ, ನನ್ನ ಲೈಸೆನ್ಸೂ ಹೋಗ್ತದ.”

“ನಾಳೆ ಮದ್ದು ತುಂಬೂದು ಅದ ಅಲ್ಲ?”

“ಅದ.”

ಬಸ್ಸು ಬಂತು. ಮಾವ ಚೀಲ ಹೆಗಲಿಗೇರಿಸಿದ.

“ಯಾರಿಗೂ ಹೇಳೂದು ಬ್ಯಾಡ. ನಿಮ್ಮತ್ತಿಗೂ.”

ಅಳಿಯ ಹೂಂ ಅಂದ. ಇಬ್ಬರೂ ಹತ್ತಿ, ಹಿಂದಿನ ಸೀಟಿಗೆ ಹೋಗಿ ಕೂತರು.