ಹಿಡಿ ಸಡಿಲಾದ ಕುಡುಗೋಲು

ಮಧ್ಯಾಹ್ನವೇ ಮೋಡ ಕವಿದು ಮಳೆ ಹುಯ್ಯತೊಡಗಿದಾಗ, ಕೊಯ್ಲಿಗೆ ಬಂದಿದ್ದ ಹೆಂಗಸರೆಲ್ಲ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಗಡಿನ ಶೆಡ್ಡಿಗೆ ಓಡಿದರು. ಅಲ್ಲಿ ಹುಲ್ಲಿನ ಹೊರೆಗೆ ಒರಗಿ ಕೂತಿದ್ದ ಕಾವಲಿನ ಮುದುಕಿ, ಯಾರೂ ಕೇಳದಿದ್ದರೂ ಶುರುಮಾಡಿದಳು.

"ಹತ್ರ ಬನ್ರೇ, ತಗಡಿನ ಸದ್ದಿಗೆ ನನ್ನ ದನಿ ಕೇಳಲ್ಲ... ಈ ಹೊಲದಲ್ಲಿ ಅಕ್ಕ ತಂಗಿ ಇಬ್ರು ಕೊಯ್ತಾ ಇದ್ರು. ತಾಯಿಲ್ಲದ ತಂಗೀನ ಅಕ್ಕಾನೇ ಎತ್ತಿ ಆಡಿಸಿ, ಕುಡುಗೋಲು ಹಿಡಿಯೋದೂ ಕಲಿಸಿದ್ಳು. ಸಾಲಿನ ಮುಂದೆ ಯಾವಾಗ್ಲೂ ಅಕ್ಕ. ಒಂದು ವರ್ಷ ತಂಗಿ ಕೈ ಎಷ್ಟು ಚುರುಕಾಯ್ತು ಅಂದ್ರೆ, ಯಜಮಾನ ಎಲ್ಲರೆದುರೇ, 'ನಾಳೆಯಿಂದ ಚಿಕ್ಕವಳೇ ಮುಂದೆ ನಿಲ್ಲಲಿ' ಅಂದುಬಿಟ್ಟ. ಅಕ್ಕ ನಕ್ಕಳು... ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ಆ ಸಂಜೆ ಎರಡೂ ಕುಡುಗೋಲಿಗೆ ಹಲ್ಲು ಹಾಕಿಸಿ ಹರಿತ ಮಾಡಿಸೋಕೆ ಅಕ್ಕ ಕಮ್ಮಾರನ ಹತ್ರ ಹೋದ್ಳು. ಅಕ್ಕನ ಕುಡುಗೋಲು ನೋಡಿ ಅವನು, 'ಇದರ ಹಿಡಿ ಒಳಗೇ ಸೀಳಿದೆಯಮ್ಮಾ, ಹೊಸದು ಹಾಕೋವರೆಗೂ ಮುಟ್ಟಬೇಡಿ' ಅಂದ. ಬೆಳಗ್ಗೆ ಅದನ್ನೇ ತಂಗಿ ಕೈಗಿಟ್ಟು, ಅವಳದ್ದನ್ನ ತಾನಿಟ್ಕೊಂಡ್ಳು. ಕೊಲ್ಲಬೇಕು ಅಂತಿತ್ತಾ? ಇಲ್ಲ ಕಣ್ರೇ. ಒಂದಿನ ಹಿಂದೆ ಬಿದ್ದು ಮುಖಭಂಗ ಆಗ್ಲಿ ಅಂತ, ಅಷ್ಟೇ. ಬಿಸಿಲೇರೋ ಹೊತ್ತಿಗೆ ಅಲಗು ಕಿತ್ತು ತೊಡೆಗೆ ನಾಟ್ತು... ಕಟ್ಟಿದ ಬಟ್ಟೆಯೆಲ್ಲ ತೋಯ್ದುಹೋಯ್ತು. 'ಅಕ್ಕಾ, ಅದನ್ನ ಮುಟ್ಟಬೇಡ್ವೇ, ನಿನ್ ಕೈ ಕುಯ್ದೀತು' ಅಂತಾನೇ ಕಣ್ಣು ಮುಚ್ಚಿದ್ಳು. ಅಕ್ಕ ಆಗ್ಲೂ ಬಾಯಿ ಬಿಡಲಿಲ್ಲ.

ಮರುವರ್ಷ ಮತ್ತೆ ಅಕ್ಕಾನೇ ಮುಂದೆ. ಪಕ್ಕದಲ್ಲಿ ಯಾರೂ ಇಲ್ಲ, ಆದ್ರೂ ಸರಕ್ ಸರಕ್ ಅಂತ ಕೊಯ್ಯೋ ಸದ್ದು. ಕಿವಿ ಹತ್ರಾನೇ ಕೇಳ್ತು, 'ಅಕ್ಕಾ... ಕಮ್ಮಾರ ಸಿಕ್ಕಿದ್ದ. ಎಲ್ಲಾ ಹೇಳ್ದ. ನೀನೇ ಹೇಳ್ತೀಯ ಅಂತ ಕಾದಿದ್ನಲ್ಲೇ.'

ಕಮ್ಮಾರ ಸತ್ತು ಆಗಷ್ಟೇ ವಾರ ಆಗಿತ್ತು, ನೋಡಿ...

ಕುಡುಗೋಲು ಬಿಸಾಕಿ ಇದೇ ಶೆಡ್ಡಿಗೆ ಓಡಿಬಂದು, ನನ್ನ ಕೈ ಹಿಡ್ಕೊಂಡು ನಡೆದದ್ದೆಲ್ಲ ಹೇಳಿ ಅತ್ತಳು. 'ಇದನ್ನ ಅವಳಿಗೆ ಹೇಳು ಹೋಗು' ಅಂದೆ. ಹೋಗಲಿಲ್ಲ. ಅವತ್ತೇ ಊರು ಬಿಟ್ಟವಳು, ಎಲ್ಲೋ ಸತ್ಳು ಅಂತ ಸುದ್ದಿ ಬಂತು.

ಮೊನ್ನೆ ಕೊಯ್ಲಿನ ಯಂತ್ರದವನು ನಡುಹೊಲದಲ್ಲೇ ಯಂತ್ರ ಬಿಟ್ಟು ಓಡಿಬಂದನಲ್ಲ, ಯಾಕೆ ಅಂದ್ಕೊಂಡ್ರಿ? ಯಾರೋ ಹೆಂಗಸು ಅಡ್ಡ ನಿಂತು, 'ಅಕ್ಕ ಬಂದ್ಳಾ?' ಅಂತ ಕೇಳಿದ್ಳಂತೆ. ಅಕ್ಕ ಸತ್ತಮೇಲೂ ತಂಗಿ ಕಣ್ಣು ತಪ್ಪಿಸ್ಕೊಂಡು ತಿರುಗ್ತಾ ಇದ್ದಾಳೆ ಆ ಪುಣ್ಯಾತ್ಗಿತ್ತಿ!

ಮಳೆ ನಿಂತ್ರೆ ಸಾಲಿನ ಮುಂದೆ ನಿಲ್ಲೋಳು ಯಾರು ನಿಮ್ಮಲ್ಲಿ? ಯಾರೇ ಆಗ್ಲಿ... ಪಕ್ಕದಲ್ಲಿ ಸದ್ದು ಕೇಳಿದ ತಕ್ಷಣ 'ನಾನು ನಿನ್ನ ಅಕ್ಕ ಅಲ್ಲ' ಅಂತ ಗಟ್ಟಿಯಾಗಿ ಹೇಳಿಬಿಡಿ. ಅವಳಿಗೀಗ ಅಕ್ಕನ ಮುಖ ಸರಿಯಾಗಿ ನೆನಪಿಲ್ಲ."