ಸ್ಟಿಲ್ ಅಂದ್ರ ಇನ್ನೂ

ಇಲ್ಲವ್ವಾ, ಹಂಗಲ್ಲ. ‘ಸ್ಟಿಲ್’ ಅಂದ್ರ ‘ಇನ್ನೂ’ ಅಂತ ಬಾಯಿಪಾಠ ಮಾಡಿದ್ರ ಆತೇನು? ಮದ್ಲ ಸುರು ಆಗಿದ್ದು ಈಗೂ ನಡದೈತಿ, ನಿಂತಿಲ್ಲ... ಅದು ಸ್ಟಿಲ್! ಮುಂಜಾನಿಂದ ಮಳಿ ಬರಾಕತ್ತಿತ್ತು, ಈಗೂ ಬರಾಕತ್ತೈತಿ. ಇಟ್ ಈಸ್ ಸ್ಟಿಲ್ ರೇನಿಂಗ್. ತಿಳೀತಿಲ್ಲೋ? ಇಡ್ಲಿ ಮುರಿ, ಆರಾಕತ್ತಾವು.

ಯಾಕ ನಗ್ತಿ ಗಂಗಾ? ಹಾಂ... ಕುಷ್ಟಗಿ ಬಸ್‌ಸ್ಟ್ಯಾಂಡ್ ಹೋಟೆಲಿನ್ಯಾಗ ಇಂಗ್ಲಿಷ್ ಪಾಠ ಮಾಡೋ ಮಾಸ್ತರ ನಾ ಒಬ್ಬನ ಇರಬೇಕು ನೋಡು! ಏನ್ ಮಾಡೂದು, ಪರೀಕ್ಷಿ ಹತ್ರ ಬಂತು.

ಅಪ್ಪಗ ಏನಾಗೈತಿ ಅಂತ ಎಷ್ಟು ಸಲ ಕೇಳ್ತಿ? ಹೇಳಿದ್ನಲ್ಲವ್ವಾ... ಸೀರಿಯಸ್ ಐತಂತ. ಎದಿನೋವು. ಗಂಗಾವತಿ ದವಾಖಾನ್ಯಾಗ ಹಾಕ್ಯಾರಂತ. ನಿಮ್ಮಣ್ಣ ಹನಮೇಶ ಫೋನ್ ಹಚ್ಚಿದ್ದ. ‘ಸರ್, ನೀವು ನಮ್ಮೂರವರ ಅದೀರಿ, ತಂಗೀನ ಹಾಸ್ಟೆಲಿಂದ ಕರ್ಕೊಂಡು ಬರ್ರಿ’ ಅಂದ. ಅಷ್ಟ. ಅಷ್ಟ ನನಗ ಗೊತ್ತು... ನೂರಸಾಬಣ್ಣಾ, ಇತ್ತ ಒಂದೀಟು ಸಾಂಬಾರ್!

ಈಗ ನೀ ಒಂದು ವಾಕ್ಯ ಮಾಡು. ಹೂಂ... ‘ಮೈ ಫಾದರ್ ಈಸ್ ಸ್ಟಿಲ್’... ಬ್ಯಾಡ! ಅಪ್ಪನ ಮ್ಯಾಲ ಬ್ಯಾಡ. ಕುರಿ ಮ್ಯಾಲ ಮಾಡು, ಬಸ್ಸಿನ ಮ್ಯಾಲ ಮಾಡು... ತಪ್ಪಲ್ಲವ್ವಾ, ನೀ ಹೇಳಿದ್ದು ಬರೋಬ್ಬರಿ ಐತಿ. ಬರೋಬ್ಬರಿ ಐತಿ, ಆದ್ರ... ಹಂಗ್ಯಾಕ ನೋಡ್ತಿ ನನ್ನ?

ತಿನ್ನು. ಇನ್ನೆರಡು ತರಿಸ್ತೀನಿ. ಬ್ಯಾಡ ಅನಬ್ಯಾಡ, ನನ್ನಾಣಿ! ಅಲ್ಲಿ ಹೋದಮ್ಯಾಲ ಉಣ್ಣು ಅನ್ನೋರು ಯಾರದಾರ? ನಿಮ್ಮವ್ವ ಮನ್ಯಾಗ ಗ್ಯಾನ ಇಲ್ಲದಂಗ ಕುಂತಾಳಂತ, ಆಕಿಗೆ...

ಹಾಂ? ಅಪ್ಪ ದವಾಖಾನ್ಯಾಗ ಇದ್ರ ಅವ್ವ ಮನ್ಯಾಗ ಯಾಕ ಅಂತೀಯಾ? ಅಲ್ಲ, ಅದು... ಹೆಂಗಸರನ್ನ ಒಳಗ ಬಿಡಂಗಿಲ್ಲಂತ ಅಲ್ಲಿ... ಹನಮೇಶ ಅದಾನಲ್ಲ... ಅಂದ್ರ, ಹಿಂಗ...

ಗಂಗಾ. ಬೈಯಬೇಕಂದ್ರ ಬೈಯವ್ವಾ. ತಟ್ಟಿ ನೋಡ್ಕೋಂತ ಕುಂದ್ರಬ್ಯಾಡ ಹಿಂಗ.

ಏನು? ಅಜ್ಜಿ ತೀರಿದಾಗ... ನಿಮ್ಮಪ್ಪನೂ ನಿನ್ನ ಇದ ಹೋಟೆಲಿಗೆ ಕರ್ಕೊಂಡು ಬಂದಿದ್ನಾ? ಅಜ್ಜಿಗೆ ಸೀರಿಯಸ್ ಐತಿ ಅಂತ ಹೇಳಿ... ಹೊಟ್ಟಿ ತುಂಬ ಇಡ್ಲಿ ತಿನ್ನಿಸಿ... ಊರ ಅಗಸಿ ಬಾಗ್ಲಕ್ಕ ಹೋದಮ್ಯಾಲ ಹೇಳಿದ್ನಾ? ‘ಮಣ್ಣು ಆಗೋತನ ಮನ್ಯಾಗ ಒಲಿ ಹಚ್ಚಂಗಿಲ್ಲ ಮಗಳ, ಅದಕ್ಕ ತಿನ್ನಿಸಿದೆ’ ಅಂತ...

ನಿಮ್ಮಪ್ಪ ಹಿಂಗ ಮಾಡಿದ್ದು ನನಗ ಗೊತ್ತಿರಲಿಲ್ಲವ್ವಾ. ಹನಮೇಶನೂ ಅದನ್ನ ಅಂದ. ‘ಏನರ ತಿನ್ನಿಸಿ ಕರ್ಕೊಂಡು ಬರ್ರಿ ಸರ್’ ಅಂತ. ಅಂದ್ರ ನಾ ಇಡ್ಲಿ ಹೇಳಿದಾಗ ನಿನಗ... ಆವಾಗಿಂದನ ಗೊತ್ತಿತ್ತಾ...?

ಗಂಗಾ, ತಟ್ಟಿ ಯಾಕ ಎಳ್ಕೊಂಡಿ ಹಂಗ?

...ನಿಧಾನ. ನಿಧಾನ ತಿನ್ನವ್ವಾ, ಗಂಟಲಿಗೆ ಸಿಗತೈತಿ. ನೀರು ಕುಡಿ. ಅಳಕೋಂತ ನುಂಗಬ್ಯಾಡ ಹಂಗ... ಬಸ್ಸು ಇನ್ನೂ ಬಂದಿಲ್ಲ.